ಅಪ್ಪ ಹೋದ ಮೇಲಿನ ಒಂದು ವರ್ಷ: ಯಾವುದಕ್ಕೆ ಅವಸರ, ಯಾವುದು ಕಾಯುತ್ತದೆ

ಕಳೆದ ತಿಂಗಳು ಅಪ್ಪನ ವರ್ಷದ ತಿಥಿ ಮುಗಿಯಿತು. ಅದರ ಹಿಂದೆಯೇ ಊರಿನ ಜಮೀನಿನ ಪೌತಿ ಖಾತೆಯೂ, ಅಂದರೆ ಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಯಿತು. ದೊಡ್ಡ ಕೆಲಸಗಳೆಲ್ಲ ಒಂದು ಹಂತಕ್ಕೆ ಬಂದಿವೆ. ಈ ವರ್ಷದಲ್ಲಿ "ಇದನ್ನ ಯಾರಾದರೂ ಮೊದಲೇ ಹೇಳಿದ್ದರೆ" ಅಂತ ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಸಾವಿನ ಮನೆಯಲ್ಲಿ ಎಲ್ಲರಿಗೂ ಅವಸರ. ಬೇಗ ಸರ್ಟಿಫಿಕೇಟ್ ಮಾಡಿಸಿ, ಬೇಗ ಖಾತೆ ಮಾಡಿಸಿ, ಅಮ್ಮನನ್ನ ಬೇಗ ಸಮಾಧಾನ ಮಾಡಿ. ನಿಜವಾಗಿ ಅವಸರದ ಕೆಲಸಗಳು ಕೆಲವೇ ಕೆಲವು. ಅವನ್ನು ಮಾಡಿಬಿಟ್ಟರೆ ಮಿಕ್ಕಿದ್ದು ಕಾಯುತ್ತದೆ. ಇಷ್ಟು ಗೊತ್ತಿದ್ದರೂ ಕೂತು ಅಳುವುದಕ್ಕೆ ಒಂದಿಷ್ಟು ಹೊತ್ತು ಸಿಗುತ್ತದೆ.

ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತಿಯಾದವರು. ಸಕ್ಕರೆ ಕಾಯಿಲೆ ಹಳೆಯದು, ಕೊನೆಗೆ ಹೃದಯವೂ ಕೈಕೊಟ್ಟಿತು. ಯುಗಾದಿ ಕಳೆದ ಕೆಲವೇ ದಿನಕ್ಕೆ, ಮೈಸೂರಿನ ಆಸ್ಪತ್ರೆಯಲ್ಲಿ, ಬೆಳಗಿನ ಜಾವ ಹೋದರು.

ಎಲ್ಲಕ್ಕಿಂತ ಮೊದಲ ಅವಸರ ಕಣ್ಣಿನದು. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಕಣ್ಣುಗಳನ್ನು ದಾನ ಮಾಡಿದ್ದು ಎಲ್ಲರಿಗೂ ನೆನಪಿದೆ. ಅವತ್ತು ಟೀವಿ ಮುಂದೆ ಕೂತಿದ್ದ ಅಪ್ಪ, "ನಂದೂ ಕೊಟ್ಬಿಡಿ ಕಣ್ರೋ, ಸುಟ್ಟು ಏನು ಮಾಡ್ತೀರ" ಅಂದಿದ್ದರು. ಸಕ್ಕರೆ ಕಾಯಿಲೆ ಇದೆ, ಪೊರೆ ಆಪರೇಷನ್ ಆಗಿದೆ, ಅವರ ಕಣ್ಣು ಯಾರಿಗೆ ಬೇಕು ಅಂತ ಚಿಕ್ಕಪ್ಪ ಅಂದರು. ನೇತ್ರ ಬ್ಯಾಂಕಿನವರನ್ನು ಕೇಳಿದರೆ ಅದ್ಯಾವುದೂ ಅಡ್ಡಿಯಲ್ಲ ಅಂದರು. ಆರು ಗಂಟೆಯ ಒಳಗೆ ಆಗಬೇಕು, ಅಷ್ಟೇ. ಅಲ್ಲಿಯವರೆಗೆ ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಇಡಿ ಅಂದರು. ಅವರು ಬಂದು ಹೋಗಲು ಅರ್ಧ ಗಂಟೆಯೂ ಆಗಲಿಲ್ಲ, ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ಮುಖ ಹೇಗಿತ್ತೋ ಹಾಗೇ ಇತ್ತು. ಮನೆಯಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಆ ಮಾತನ್ನು ಎಲ್ಲರಿಗೂ ತಿಳಿಸಿಡಿ. ಆ ಹೊತ್ತಿನಲ್ಲಿ ವಾದ ಮಾಡುವ ಶಕ್ತಿ ಯಾರಿಗೂ ಇರುವುದಿಲ್ಲ.

ಎರಡನೆಯದು ಹೆಸರು. ಆಸ್ಪತ್ರೆಯವರು ಮರಣದ ವರದಿ ತುಂಬುವಾಗ ಕೌಂಟರಿನಲ್ಲಿದ್ದ ಹುಡುಗ ಬಾಯಲ್ಲಿ ಹೇಳಿದ ಹೆಸರನ್ನೇ ಬರೆದುಕೊಂಡ. ಆಧಾರಿನಲ್ಲಿ ಅಪ್ಪನ ಹೆಸರಿನ ಕೊನೆಗೆ 'ಗೌಡ' ಇದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್ ಇದೆ, ಪಹಣಿಯಲ್ಲಿ ತಾತನ ಹೆಸರೂ ಸೇರಿ ಉದ್ದಕ್ಕಿದೆ. ಆಸ್ಪತ್ರೆಯ ಕಾಗದದಲ್ಲಿ ಬಂದದ್ದು ಈ ಮೂರೂ ಅಲ್ಲದ ನಾಲ್ಕನೆಯದು! ಅದೇ ಹೆಸರು ಮರಣ ಪ್ರಮಾಣಪತ್ರಕ್ಕೂ ಹೋಯಿತು. ಅದನ್ನು ತಿದ್ದಿಸಲು ಅಫಿಡವಿಟ್, ನೋಟರಿ, ಆಧಾರ್, ನಿವೃತ್ತಿ ಕಾಗದ, ಮತ್ತೆ ಆಸ್ಪತ್ರೆಯಿಂದ ಒಂದು ಪತ್ರ. ಛಾಪಾ ಕಾಗದಕ್ಕೆ ನೂರು ರೂಪಾಯಿ, ನೋಟರಿಗೆ ಇನ್ನೂರು. ಖರ್ಚು ದೊಡ್ಡದಲ್ಲ, ಆದರೆ ಆ ಒಂದು ಕಾಗದ ನಿಂತರೆ ಹಿಂದಿನದೆಲ್ಲ ನಿಲ್ಲುತ್ತದೆ. ಹಾಗಾಗಿ ಆಸ್ಪತ್ರೆ ಬಿಡುವ ಮುಂಚೆ, ಅಳುತ್ತಿಲ್ಲದ ಯಾರಾದರೂ ಒಬ್ಬರ ಕೈಗೆ ಆಧಾರ್ ಜೆರಾಕ್ಸ್ ಕೊಟ್ಟು, ಬರೆದದ್ದನ್ನು ಅಕ್ಷರ ಅಕ್ಷರ ನೋಡಿಕೊಂಡು ಬರಲು ಹೇಳಿ. ಅಳಿಯನೋ ಪಕ್ಕದ ಮನೆಯವರೋ, ಯಾರಾದರೂ ಸರಿ.

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಅದಕ್ಕೆ ಶುಲ್ಕವಿಲ್ಲ. ಆಸ್ಪತ್ರೆಯಲ್ಲಾದರೆ ವರದಿ ಕಳಿಸುವುದು ಅವರ ಕೆಲಸ. ಮನೆಯಲ್ಲಿ ಹೋದರೆ ಮನೆಯವರೇ ತಿಳಿಸಬೇಕು. 21 ದಾಟಿ 30 ದಿನದವರೆಗೆ ಸಣ್ಣ ದಂಡ. 30 ದಿನ ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಊರುಗಳಲ್ಲಿ ಮನೆಯಲ್ಲೇ ಹೋದ ಅಜ್ಜ ಅಜ್ಜಿಯರ ವಿಷಯದಲ್ಲಿ ಹೀಗೆ ಬಿಟ್ಟುಹೋಗುವುದು ಜಾಸ್ತಿ. ಆಮೇಲೆ ಮೊಮ್ಮಕ್ಕಳು ಜಮೀನಿಗೆ ಅಂತ ಅಲೆಯುತ್ತಾರೆ. ಪ್ರಮಾಣಪತ್ರ ಬಂದ ಮೇಲೆ ಹತ್ತು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ. ಎಲ್ಲ ಕಡೆಯೂ ಒಂದೊಂದು ಇಟ್ಟುಕೊಳ್ಳುತ್ತಾರೆ.

ಈ ಮಧ್ಯೆ ಮನೆಯಲ್ಲಿ ಶಾಸ್ತ್ರಗಳು. ಮೂರನೇ ದಿನ ಹಾಲು ತುಪ್ಪ. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟದ್ದು. ಹನ್ನೊಂದಕ್ಕೆ ತಿಥಿ. ಎಷ್ಟು ಎಲೆ ಹಾಕಿಸಬೇಕು, ಯಾರನ್ನು ಕರೆಯಬೇಕು ಅಂತ ದೊಡ್ಡವರೆಲ್ಲ ಜಗಲಿಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದರು. "ಮೇಷ್ಟ್ರ ತಿಥಿ, ಐನೂರು ಎಲೆಯಾದರೂ ಬೇಡವಾ" ಅಂತ ಒಬ್ಬರು. ತಮ್ಮ ಇನ್ನೂರಕ್ಕೆ ನಿಲ್ಲಿಸಿದ. ಸಾಲ ಮಾಡಿ ಊಟ ಹಾಕುವುದನ್ನು ಅಪ್ಪ ಇದ್ದಾಗಲೂ ಒಪ್ಪುತ್ತಿರಲಿಲ್ಲ.

ನನಗೆ ಭಯವಿದ್ದದ್ದು ಅಮ್ಮನ ಬಳೆಯ ಬಗ್ಗೆ. ತಿಥಿಯ ಹಿಂದಿನ ಸಂಜೆ ಆ ಮಾತು ಬಂತು. ಹೂ ಮುಡಿಸಿ, ಬಳೆ ತೊಡಿಸಿ, ಆಮೇಲೆ ಎಲ್ಲರೆದುರು ತೆಗೆಯುವ ಶಾಸ್ತ್ರ. ತಮ್ಮ ಫೋನಿನಲ್ಲಿ ಒಂದು ಸುದ್ದಿ ಹುಡುಕಿ ಓದಿದ. ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಗ್ರಾಮ ಪಂಚಾಯಿತಿ 2022ರ ಮೇನಲ್ಲಿ ಈ ಪದ್ಧತಿಯೇ ಬೇಡ ಅಂತ ಠರಾವು ಮಾಡಿದ ಸುದ್ದಿ. "ಅದು ಮಹಾರಾಷ್ಟ್ರದಲ್ಲಿ ಬಿಡಪ್ಪ" ಅಂದರು ಚಿಕ್ಕಪ್ಪ. ಆಗ ಮೂಲೆಯಲ್ಲಿದ್ದ ಅತ್ತೆ, ಅಪ್ಪನ ಅಕ್ಕ, ಗಂಡ ಹೋಗಿ ಮೂವತ್ತು ವರ್ಷವಾದವರು, ಎದ್ದು ಬಂದು ಅಮ್ಮನ ಕೈ ಹಿಡಿದುಕೊಂಡರು. "ನಂಗ್ ಮಾಡಿದ್ದು ಸಾಕು. ಇವಳ ಕೈ ಯಾರೂ ಮುಟ್ಟಬೇಡಿ" ಅಂದರು. ಅಷ್ಟಕ್ಕೇ ಮಾತು ಮುಗಿಯಿತು. ಅಮ್ಮ ಈಗಲೂ ಹಸಿರು ಗಾಜಿನ ಬಳೆಯನ್ನೇ ಹಾಕಿಕೊಳ್ಳುತ್ತಾರೆ. ಕುಂಕುಮ ಕೆಲವು ದಿನ ಇಡುತ್ತಾರೆ, ಕೆಲವು ದಿನ ಇಡುವುದಿಲ್ಲ. ಎರಡೂ ಅವರಿಷ್ಟ. ಮನೆಯಲ್ಲಿ ಇಂಥ ಮಾತು ಬರುವುದಿದ್ದರೆ ಮುಂಚೆಯೇ ಒಬ್ಬ ಹಿರಿಯ ಹೆಂಗಸನ್ನು ಜೊತೆಗೆ ನಿಲ್ಲಿಸಿಕೊಳ್ಳಿ. ಮಕ್ಕಳು ಹೇಳಿದರೆ 'ಓದಿದವರ ಮಾತು' ಅಂತ ತಳ್ಳಿಬಿಡುತ್ತಾರೆ.

ತಿಥಿ ಮುಗಿದು ನೆಂಟರೆಲ್ಲ ಬಸ್ ಹತ್ತಿದ ಮೇಲೆ ಮನೆ ನಿಜವಾಗಿ ಖಾಲಿ ಆಯಿತು. ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ ಹಾಗೇ ಇತ್ತು. ಒಡೆಯದ ಮಾತ್ರೆಗಳನ್ನು ವಾಪಸ್ ಕೊಡೋಣ ಅಂತ ಮೆಡಿಕಲ್ ಸ್ಟೋರಿಗೆ ಹೋದೆ. ಅಂಗಡಿಯವರು ಚೀಟಿ ನೋಡಿ, "ಡೋಸ್ ಚೇಂಜ್ ಮಾಡಿದ್ರಾ ಮೇಡಂ? ಮೇಷ್ಟ್ರು ಹೇಗಿದ್ದಾರೆ?" ಅಂದರು. ಚಿತೆಯ ಹತ್ತಿರ ಬಾರದ ಅಳು ಅಲ್ಲಿ, ಕಫ್ ಸಿರಪ್ಪಿನ ಸಾಲಿನ ಮುಂದೆ ಬಂತು. ಅವರು ಪಾಪ ಕುರ್ಚಿ ತಂದು ಹಾಕಿ, ಬೇರೆ ಗಿರಾಕಿಗಳನ್ನು ಅತ್ತ ಕಳಿಸಿ, ಸುಮ್ನೆ ನಿಂತರು. ಏನೂ ಹೇಳಲಿಲ್ಲ. ಆ ವಾರ ನನಗೆ ಸಿಕ್ಕ ಅತಿ ದೊಡ್ಡ ಸಹಾಯ ಅದು. ಅಳು ಯಾವಾಗ ಬರುತ್ತದೆ ಅಂತ ಲೆಕ್ಕ ಹಾಕೋಕೆ ಹೋಗಬೇಡಿ. ಕಚೇರಿಯ ಮೀಟಿಂಗಿನಲ್ಲಿ ಬರುತ್ತದೆ, ಬಸ್ಸಿನಲ್ಲಿ ಬರುತ್ತದೆ. ಬರಬೇಕಾದ ದಿನ ಬರುವುದೂ ಇಲ್ಲ.

ಈಗ ಬ್ಯಾಂಕಿನ ವಿಷಯ. ಅಪ್ಪನ ಎ.ಟಿ.ಎಂ. ಕಾರ್ಡ್ ಇದೆ, ಪಿನ್ ಗೊತ್ತಿದೆ, ದುಡ್ಡು ತೆಗೆದುಬಿಡಿ ಅಂತ ಹೇಳುವವರು ಸಿಗುತ್ತಾರೆ. ಬೇಡ. ಖಾತೆದಾರರು ಹೋದ ಮೇಲೆ ಕಾರ್ಡ್ ಬಳಸುವಂತಿಲ್ಲ, ನಾಳೆ ವಾರಸುದಾರರ ಮಧ್ಯೆ ಜಗಳಕ್ಕೂ ದಾರಿಯಾಗುತ್ತದೆ. ಜಂಟಿ ಖಾತೆಯಲ್ಲಿ 'ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು' ಅಂತ ಇದ್ದರೆ ಕೆಲಸ ಸಲೀಸು. ನಾಮಿನಿ ಇದ್ದರೂ ಸಲೀಸು. ನಾಮಿನಿಯಿಂದ ಉತ್ತರಾಧಿಕಾರ ಪ್ರಮಾಣಪತ್ರ ಕೇಳುವಂತಿಲ್ಲ, ಎಲ್ಲ ಕಾಗದ ಕೊಟ್ಟ ಮೇಲೆ 15 ದಿನದೊಳಗೆ ಇತ್ಯರ್ಥ ಮಾಡಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ನಮ್ಮ ಶಾಖೆಯಲ್ಲಿ ಮೊದಲು ಕೋರ್ಟಿನಿಂದ ತನ್ನಿ ಅಂದರು. ಲಿಖಿತವಾಗಿ ಕೊಡಿ ಅಂತ ತಮ್ಮ ಮೆತ್ತಗೆ ಕೇಳಿದ ಮೇಲೆ ಮ್ಯಾನೇಜರ್ ತಾವೇ ಅರ್ಜಿ ತೆಗೆದುಕೊಂಡರು. ಇನ್ನೊಂದು ಮಾತು: ನಾಮಿನಿ ಅಂದರೆ ಹಣದ ಒಡೆಯರಲ್ಲ, ವಾರಸುದಾರರ ಪರವಾಗಿ ಪಡೆದುಕೊಳ್ಳುವವರು ಅಷ್ಟೇ. 1983ರಲ್ಲೇ ಸುಪ್ರೀಂ ಕೋರ್ಟ್ ವಿಮೆ ನಾಮಿನಿಯ ವಿಷಯದಲ್ಲಿ ಹೀಗೆ ಹೇಳಿತ್ತು. ಎಫ್.ಡಿ.ಯನ್ನು ಅವಧಿಗೆ ಮುಂಚೆ ಮುರಿಸಿದರೂ ಇಂಥ ಸಂದರ್ಭದಲ್ಲಿ ದಂಡವಿಲ್ಲ.

ಪಾಸ್‌ಬುಕ್ಕನ್ನು ಒಮ್ಮೆ ಸಾವಧಾನವಾಗಿ ಓದಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನ್ ಜ್ಯೋತಿ ವಿಮೆ, ಎರಡು ಲಕ್ಷ ಬರುತ್ತದೆ. 20 ರೂಪಾಯಿ ಕಡಿತವಾಗಿದ್ದರೆ ಅದು ಅಪಘಾತ ವಿಮೆ. ಅಪ್ಪನ ವಯಸ್ಸಿಗೆ ಮೊದಲನೆಯದು ಇರಲಿಲ್ಲ, ಆದರೆ ಚಿಕ್ಕ ವಯಸ್ಸಿನವರು ಹೋದ ಎಷ್ಟೋ ಮನೆಗಳಲ್ಲಿ ಇದು ಇರುವುದೇ ಗೊತ್ತಿರುವುದಿಲ್ಲ.

ಸರ್ಕಾರಿ ಪಿಂಚಣಿದಾರರಾಗಿದ್ದರೆ ಬ್ಯಾಂಕಿಗೆ ಮತ್ತು ಖಜಾನೆಗೆ ಬೇಗ ತಿಳಿಸಿ. ತಿಳಿಸದೆ ಜಮೆಯಾದ ಪಿಂಚಣಿಯನ್ನು ಆಮೇಲೆ ವಾಪಸ್ ತೆಗೆದುಕೊಳ್ಳುತ್ತಾರೆ, ಅಷ್ಟರಲ್ಲಿ ಅದು ತಿಥಿಗೆ ಖರ್ಚಾಗಿರುತ್ತದೆ. ಕುಟುಂಬ ಪಿಂಚಣಿಗೆ ಅಪ್ಪನ ಪಿ.ಪಿ.ಒ., ಅಂದರೆ ಪಿಂಚಣಿ ಪಾವತಿ ಆದೇಶ, ಬೇಕು. ಅದು ನಮಗೆ ಸಿಕ್ಕಿದ್ದು ಅವರ ಹಳೆಯ ಹಾಜರಿ ಪುಸ್ತಕಗಳ ನಡುವೆ, ಪ್ಲಾಸ್ಟಿಕ್ ಕವರಿನಲ್ಲಿ. ಮೇಲೆ ಅವರದೇ ಅಕ್ಷರದಲ್ಲಿ "ನಾನು ಹೋದ ಮೇಲೆ ಬೇಕಾಗುತ್ತದೆ" ಅಂತ ಬರೆದಿತ್ತು. ಅವತ್ತು ಖಜಾನೆಗೆ ಹೋಗುವುದು ಆಗಲಿಲ್ಲ. ಮಾರನೇ ದಿನ ಹೋದೆವು.

ಫೋನ್ ನಂಬರನ್ನು ಮಾತ್ರ ದಯವಿಟ್ಟು ಮುಚ್ಚಿಸಬೇಡಿ. ಒ.ಟಿ.ಪಿ. ಎಲ್ಲ ಅದಕ್ಕೇ ಬರುತ್ತದೆ. ತಿಂಗಳುಗಟ್ಟಲೆ ಬಳಸದೆ ಬಿಟ್ಟರೆ ನಂಬರ್ ಕೈತಪ್ಪುತ್ತದೆ, ಹಾಗಾಗಿ ಚಿಕ್ಕ ರೀಚಾರ್ಜ್ ಮಾಡಿಸುತ್ತಿರಿ. ಅಪ್ಪನ ಫೋನ್ ಅಮ್ಮನ ಹತ್ತಿರವೇ ಇದೆ. ಹಳೆಯ ವಿದ್ಯಾರ್ಥಿಗಳು ಶಿಕ್ಷಕರ ದಿನಕ್ಕೆ ಆ ನಂಬರಿಗೆ ಫೋನ್ ಮಾಡಿದರು, ಕೆಲವರಿಗೆ ವಿಷಯ ಗೊತ್ತಿರಲಿಲ್ಲ. ಒಬ್ಬೊಬ್ಬರಿಗೂ ಅಮ್ಮನೇ ಹೇಳಿದರು. ನಾನು ಫೋನ್ ಕಿತ್ತುಕೊಳ್ಳಲು ಹೋದರೆ ಬಿಡಲಿಲ್ಲ. "ಅವರು ಮೇಷ್ಟ್ರ ಬಗ್ಗೆ ಏನೇನೋ ಹೇಳ್ತಾರೆ, ನಾನು ಕೇಳಬೇಕು" ಅಂದರು.

ಮನಸ್ಸಿನ ಕಡೆಯದನ್ನೂ ಬರೆಯಬೇಕು, ಯಾಕೆಂದರೆ ಅದಕ್ಕೆ ಯಾವ ಕೌಂಟರಿನಲ್ಲೂ ಟೋಕನ್ ಕೊಡುವುದಿಲ್ಲ. ನನ್ನ ಮಗನಿಗೆ ಆರು ವರ್ಷ. ಯಾರೋ ಅವನಿಗೆ "ತಾತ ಮಲಗಿದ್ದಾರೆ, ಎಬ್ಬಿಸಬೇಡ" ಅಂದಿದ್ದರು. ಅವತ್ತಿನಿಂದ ಮಲಗೋಕೆ ಹಟ. ಅಮ್ಮನ ಬಾಯಲ್ಲಿ "ನನ್ನನ್ನೂ ಕರ್ಕೊಂಡು ಹೋಗಬಾರದಿತ್ತಾ" ಅನ್ನುವ ಮಾತು. ಅದು ನಮ್ಮ ಕಡೆ ಎಲ್ಲರೂ ಅಳುವಾಗ ಆಡುವ ಮಾತೇ, ಆದರೆ ಎರಡು ತಿಂಗಳಾದರೂ ನಿಲ್ಲಲಿಲ್ಲ. ಊಟವೂ ಕಮ್ಮಿ ಆಯಿತು. ಒಂದು ರಾತ್ರಿ ತಡೆಯಲಾಗದೆ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. 2022ರಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಆ ಕಡೆಯಿದ್ದ ಹೆಣ್ಣುಮಗಳು ಅವಸರ ಮಾಡಲಿಲ್ಲ. ಮಗುವಿಗೆ ಸುತ್ತು ಬಳಸದೆ ಹೇಳಿ ಅಂದರು: ತಾತನ ದೇಹ ಕೆಲಸ ಮಾಡುವುದು ನಿಲ್ಲಿಸಿತು, ಅವರಿಗೆ ಈಗ ನೋವಿಲ್ಲ, ಹಸಿವಿಲ್ಲ, ವಾಪಸ್ ಬರುವುದಿಲ್ಲ, ನಾವು ನಿನ್ನ ಜೊತೆ ಇದ್ದೇವೆ. ನಿದ್ದೆ, ಪ್ರಯಾಣ ಅಂತೆಲ್ಲ ಹೇಳಿದರೆ ಮಕ್ಕಳು ಅದಕ್ಕೇ ಹೆದರುತ್ತಾರಂತೆ. ಅಮ್ಮನನ್ನು ನೇರವಾಗಿ ಕೇಳಿ ಅಂದರು, "ಸಾಯಬೇಕು ಅಂತ ಅನ್ನಿಸುತ್ತಾ?" ಅಂತ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದಲ್ಲ ಅಂದೆ. ಹಾಗೆ ಆಗುವುದಿಲ್ಲ, ಕೇಳಿದರೆ ಹಗುರವಾಗುತ್ತಾರೆ ಅಂದರು. ಬೆಳಿಗ್ಗೆ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಾ ಕೇಳಿದೆ. ಅಮ್ಮ ತುಂಬಾ ಹೊತ್ತು ಸೊಪ್ಪನ್ನೇ ನೋಡಿಕೊಂಡಿದ್ದು, "ಸಾಯಬೇಕು ಅಂತಲ್ಲ ಮಗಾ. ಸಂಜೆ ಆರು ಗಂಟೆಗೆ ಏನು ಮಾಡಬೇಕು ಅಂತ ಗೊತ್ತಾಗಲ್ಲ" ಅಂದರು. ಆರು ಗಂಟೆ ಅಂದರೆ ಅಪ್ಪನಿಗೆ ಸಕ್ಕರೆ ಹಾಕದ ಕಾಫಿ ಕೊಟ್ಟು, ಇಬ್ಬರೂ ರಸ್ತೆ ಕೊನೆಯವರೆಗೆ ನಡೆದು ಬರುತ್ತಿದ್ದ ಹೊತ್ತು. ಈಗ ಆ ಹೊತ್ತಿಗೆ ಪಕ್ಕದ ಮನೆಯ ಆಂಟಿ ಬಂದು ಅಮ್ಮನನ್ನು ಕರೆದುಕೊಂಡು ಹೋಗುತ್ತಾರೆ. ಅದೇ ರಸ್ತೆ.

ದುಃಖಕ್ಕೆ ಐದು ಮೆಟ್ಟಿಲು ಅಂತ ನನಗೆ ಒಬ್ಬರು ಕಳಿಸಿದ್ದರು. ಈಗ ಕೋಪದ ಮೆಟ್ಟಿಲಲ್ಲಿದ್ದೀಯ, ಮುಂದಿನದು ಬರುತ್ತದೆ ಅಂತ. ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬ ಮನೋವೈದ್ಯೆ ಅದನ್ನು 1969ರಲ್ಲಿ ಹೇಳಿದ್ದು ಸಾವು ಹತ್ತಿರವಾದ ರೋಗಿಗಳನ್ನು ಮಾತಾಡಿಸಿ. ಉಳಿದ ಮನೆಯವರಿಗೆ ಆಮೇಲೆ ಅಂಟಿಸಿದ್ದು. ನನಗೆ ಜಾಸ್ತಿ ಉಪಯೋಗವಾದದ್ದು ಆಮೇಲೆ ಭೇಟಿಯಾದ ಆಪ್ತ ಸಮಾಲೋಚಕರು ವಿವರಿಸಿದ ಇನ್ನೊಂದು ಮಾತು. ಸ್ಟ್ರೋಬೆ ಮತ್ತು ಶುಟ್ ಎಂಬ ಸಂಶೋಧಕರು 1999ರಲ್ಲಿ ಹೇಳಿದ್ದಂತೆ: ದುಃಖದಲ್ಲಿರುವವರು ಎರಡು ಕಡೆಗೂ ಓಡಾಡುತ್ತಿರುತ್ತಾರೆ. ಒಂದು ಕಡೆ ಹೋದವರ ನೆನಪು, ಅಳು. ಇನ್ನೊಂದು ಕಡೆ ಬ್ಯಾಂಕು, ಅಡುಗೆ, ಮಕ್ಕಳ ಸ್ಕೂಲು. ಎರಡೂ ಬೇಕು, ಎರಡರಿಂದಲೂ ಆಗಾಗ ಬಿಡುವೂ ಬೇಕು. ಇದನ್ನು ಕೇಳಿದ ಮೇಲೆ ನಗು ಬಂದ ದಿನ ಅಪ್ಪನನ್ನು ಮರೆತೆನಾ ಅಂತ ಕೊರಗುವುದು ನಿಂತಿತು.

ಎಷ್ಟು ದಿನ ಅಂತ ಎಲ್ಲರೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ, ಆರು ತಿಂಗಳು ದಾಟಿದರೂ ದಿನನಿತ್ಯದ ಬದುಕೇ ನಡೆಯದಷ್ಟು ತೀವ್ರವಾಗಿದ್ದರೆ ಅದಕ್ಕೆ ಚಿಕಿತ್ಸೆ ಬೇಕಾಗುವ ದುಃಖ ಅಂತ ಬೇರೆ ಹೆಸರಿದೆ. ಅಮೆರಿಕದ ವೈದ್ಯರ ಕೈಪಿಡಿ ದೊಡ್ಡವರಿಗೆ ಒಂದು ವರ್ಷ ಅನ್ನುತ್ತದೆ. ಅಂದರೆ ಮೂರು ತಿಂಗಳಿಗೇ "ಇನ್ನೂ ಅಳ್ತಾಳೆ" ಅನ್ನುವವರಿಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಸಾಯುವ ಯೋಚನೆ ಬಂದರೆ, ಊಟ ನಿದ್ದೆ ಪೂರ್ತಿ ಬಿಟ್ಟರೆ, ಆರು ತಿಂಗಳು ಅಂತ ಕಾಯಲೂಬೇಡಿ. ಅವತ್ತೇ ಫೋನ್ ಮಾಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಜಮೀನಿನ ಕೆಲಸವನ್ನು ನಾವು ಬೇಕಂತಲೇ ತಡ ಮಾಡಿದೆವು. ಅದು ಕಾಯುವ ಕೆಲಸ. ಆದರೂ ಹದಿನೈದನೇ ದಿನಕ್ಕೇ ಬಂಧುವೊಬ್ಬರು, "ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಟ್ಟರೆ ಬೇಗ ಆಗ್ತದೆ, ಒಂದು ಸೈನ್ ಹಾಕವ್ವ" ಅಂತ ಕಾಗದ ತಂದರು. ನಾನು ಹಾಕಲಿಲ್ಲ. ತಮ್ಮನೇ ಬೇಡ ಅಂದ. ಮೊದಲ ತಿಂಗಳುಗಳಲ್ಲಿ ಏನು ಓದುತ್ತಿದ್ದೇವೆ ಅನ್ನುವುದೇ ತಲೆಗೆ ಹೋಗುವುದಿಲ್ಲ. ಆಸ್ತಿಯ ಯಾವ ಕಾಗದಕ್ಕೂ ಆಗ ಸಹಿ ಹಾಕಬೇಡಿ, ಮನೆಯವರು ಎಷ್ಟೇ ಒಳ್ಳೆಯವರಿರಲಿ. ಖಾತೆಯಾಗಲು ಹಕ್ಕು ಬಿಡಬೇಕಾಗಿಯೂ ಇಲ್ಲ. ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿಯಾಗಿ ಪೌತಿ ಖಾತೆ ಆಗುತ್ತದೆ. ಮದುವೆಯಾದ ಹೆಣ್ಣುಮಕ್ಕಳ ಹೆಸರು ವಂಶವೃಕ್ಷದಲ್ಲಿ ಇರಲೇಬೇಕು. ಬಿಟ್ಟು ಬರೆಸಿದರೆ ಅದು ಸುಳ್ಳು ಅಫಿಡವಿಟ್ ಆಗುತ್ತದೆ.

ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಮರಣ ಪ್ರಮಾಣಪತ್ರ, ಎಲ್ಲರ ಆಧಾರ್, ನೋಟರಿ ಮಾಡಿಸಿದ ಅಫಿಡವಿಟ್. ಆಮೇಲೆ ಗ್ರಾಮ ಆಡಳಿತಾಧಿಕಾರಿ ಊರಿನಲ್ಲಿ ವಿಚಾರಿಸಿ ವರದಿ ಹಾಕುತ್ತಾರೆ. ಅಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದ ಹೆಂಗಸು ನನ್ನ ಫೈಲ್ ನೋಡಿ, "ಯಾರವ್ವ ಹೋಗಿದ್ದು?" ಅಂದರು. ಅಪ್ಪ ಅಂದೆ. ಅವರದು ಮಗ, ಟ್ರ್ಯಾಕ್ಟರ್ ಮಗುಚಿ. ಆಚೆ ಕೂತಿದ್ದ ಅಜ್ಜನದು ಹೆಂಡತಿ. ಸರ್ವರ್ ಡೌನ್ ಆಗಿ ಗಂಟೆಗಟ್ಟಲೆ ಕಾದೆವು. ಆ ಹೆಂಗಸು ಮಗನ ಫೋಟೋ ತೋರಿಸಿದರು, ಚೆಕ್ಸ್ ಶರ್ಟು, ತೆಳ್ಳಗಿನ ಮೀಸೆ. ಅಲ್ಲಿ ಯಾರೂ ಯಾರಿಗೂ ಧೈರ್ಯ ತಗೊಳ್ಳಿ ಅನ್ನಲಿಲ್ಲ. ಅವರ ಆಧಾರಿನಲ್ಲಿ ವಿಳಾಸ ಬೇರೆ ಇತ್ತು, ಅದಕ್ಕೆ ಏನು ಮಾಡಬೇಕು ಅಂತ ನಾನು ಒಳಗೆ ಕೇಳಿಕೊಂಡು ಬಂದು ಹೇಳಿದೆ. ಅವರ ಕೆಲಸ ನನ್ನದಕ್ಕಿಂತ ಮುಂಚೆ ಆಯಿತು.

ಪಕ್ಷದಲ್ಲಿ, ಮಹಾಲಯ ಅಮಾವಾಸ್ಯೆಗೆ, ಅಪ್ಪನ ಫೋಟೋ ಮುಂದೆ ಹೊಸ ಪಂಚೆ ಇಟ್ಟು ಎಡೆ ಇಟ್ಟೆವು. ಬದುಕಿದ್ದಾಗ ಡಾಕ್ಟರು ಬೇಡ ಅಂದಿದ್ದ ಒಬ್ಬಟ್ಟು, ಕೋಳಿ ಸಾರು, ಎಲ್ಲ ಇಟ್ಟರು ಅಮ್ಮ. ನವೆಂಬರಿನಲ್ಲಿ ಬ್ಯಾಂಕಿಗೆ ಕುಟುಂಬ ಪಿಂಚಣಿಯ ಜೀವಂತ ಪ್ರಮಾಣಪತ್ರ ಕೊಡಬೇಕಾಗಿತ್ತು. ಫಾರಂ ಮೇಲೆ 'ಜೀವಂತ' ಅಂತ ಓದಿ ಅಮ್ಮ ಪೆನ್ನು ಕೆಳಗಿಟ್ಟರು. ಕೌಂಟರಿನ ಹುಡುಗಿ, "ನಿಧಾನ ಅಮ್ಮ, ನಾನು ಇಲ್ಲೇ ಇರ್ತೀನಿ" ಅಂತ ಮುಂದಿನ ಟೋಕನ್ ಕರೆದಳು. ಮೊದಲ ವರ್ಷ ಇದೊಂದು ದಿನ ಅವರನ್ನು ಒಬ್ಬರೇ ಕಳಿಸಬೇಡಿ.

ಬಿಟ್ಟುಹೋಗಬಾರದ ಇನ್ನೆರಡು. ಸ್ಕೂಟರ್: ಮಾಲೀಕರು ಹೋದ ಮೂವತ್ತು ದಿನದಲ್ಲಿ ಆರ್.ಟಿ.ಒ.ಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಆದಾಯ ತೆರಿಗೆ: ಅಪ್ಪನಿಗೆ ತೆರಿಗೆ ಕಡಿತವಾಗುತ್ತಿದ್ದರೆ, ಅವರ ಕೊನೆಯ ರಿಟರ್ನ್ಸ್ ಅನ್ನು ವಾರಸುದಾರರು ಪೋರ್ಟಲಿನಲ್ಲಿ ನೋಂದಾಯಿಸಿಕೊಂಡು ಹಾಕಬೇಕು. ನಮ್ಮದು ಹಾಕಿ ಆಗಿದೆ, ರೀಫಂಡ್ ಇನ್ನೂ ಬಂದಿಲ್ಲ. ಬಟ್ಟೆ, ಕನ್ನಡಕ, ಪುಸ್ತಕದ ಬೀರು, ಇವಕ್ಕೆಲ್ಲ ಯಾವ ಗಡುವೂ ಇಲ್ಲ. ಅಮ್ಮ ಹೇಳಿದಾಗ ನೋಡೋಣ ಅಂತ ಬಿಟ್ಟಿದ್ದೇವೆ.

ಸಾವಿನ ಮನೆಗೆ ಹೋಗಿ ಬಂದು, ಮುಂದೆ ಏನು ಮಾಡಲಿ ಅಂತ ಯೋಚಿಸುತ್ತಿರುವವರಿಗೆ ಒಂದು ಮಾತು. ಹನ್ನೊಂದು ದಿನ ಮನೆ ತುಂಬ ಜನ ಇರುತ್ತಾರೆ. ಎರಡನೇ ತಿಂಗಳು ಯಾರೂ ಇರುವುದಿಲ್ಲ. ಆಗ ಹೋಗಿ. ಏನು ಬೇಕಿದ್ದರೂ ಹೇಳಿ ಅನ್ನಬೇಡಿ, ಏನು ಬೇಕು ಅಂತ ಅವರಿಗೇ ಗೊತ್ತಿರುವುದಿಲ್ಲ. "ನಾಳೆ ಬೆಳಿಗ್ಗೆ ನನಗೆ ರಜೆ ಇದೆ, ಬ್ಯಾಂಕಿಗೆ ಹೋಗೋಣ ಬನ್ನಿ, ಜೆರಾಕ್ಸ್ ನಾನು ಮಾಡಿಸಿಕೊಂಡು ಬರ್ತೀನಿ" ಅನ್ನಿ. ನಮ್ಮ ಪಕ್ಕದ ಮನೆಯ ಆಂಟಿಯ ಗಂಡ ಹಾಗೇ ಬಂದರು, ಕೈಯಲ್ಲಿ ಸ್ಟೇಪ್ಲರ್ ಮತ್ತು ಪಾಸ್‌ಪೋರ್ಟ್ ಸೈಜ್ ಫೋಟೋ ಅಂಟಿಸೋಕೆ ಗೋಂದು ಹಿಡಿದುಕೊಂಡು.